ಬಹಾತ್ತಿನ್ ಬೇ ಹೊತ್ತಿಸದ ಬಾಯ್ಲರ್

ತುರ್ಕಿಯ ಎರ್ಜುರುಮಿನ ಚಳಿಗೆ ಹೆದರದವರು ಯಾರಾದರೂ ಇದ್ದರೆ ಅದು ಭೂದಾಖಲೆ ಕಚೇರಿಯಿಂದ ನಿವೃತ್ತರಾದ ಬಹಾತ್ತಿನ್ ಬೇ ಒಬ್ಬರೇ, ಎಂದು ಸ್ವತಃ ಬಹಾತ್ತಿನ್ ಬೇ ಅವರೇ ಹೇಳಿಕೊಳ್ಳುತ್ತಿದ್ದರು. ಉಗುಳಿದರೆ ನೆಲ ಮುಟ್ಟುವ ಮುಂಚೆ ಹೆಪ್ಪುಗಟ್ಟುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಮನೆಯೊಳಗೆ ಉಣ್ಣೆ ಟೋಪಿ ಹಾಕಿಕೊಂಡು ಇದನ್ನು ಹೇಳುತ್ತಿದ್ದರು ಎಂಬುದು ಬೇರೆ ವಿಷಯ.

ಊರಿಗೆ ಗ್ಯಾಸಿನ ಕೊಳವೆ ಬಂದ ವರ್ಷ ಎಲ್ಲರೂ ಕಲ್ಲಿದ್ದಲ ಒಲೆಗಳನ್ನು ಗುಜರಿಗೆ ಹಾಕಿ ಮನೆಯನ್ನೂ ನಲ್ಲಿಯ ನೀರನ್ನೂ ಕಾಯಿಸುವ ಬಾಯ್ಲರನ್ನು ಗೋಡೆಗೆ ತೂಗುಹಾಕಿಸಿಕೊಂಡರು. ಬಹಾತ್ತಿನ್ ಬೇ ಮಾತ್ರ ಮೊದಲು ಮನೆ ಬದಲಾಯಿಸಿದರು. ಐದಂತಸ್ತಿನ ಕಟ್ಟಡದಲ್ಲಿ ಹುಡುಕಿ ಹುಡುಕಿ ಮೂರನೆಯ ಅಂತಸ್ತಿನ ಮನೆಯನ್ನೇ ಕೊಂಡರು. "ಒಂದೇ ಹಾಸಿಗೇಲಿ ಮೂರು ಜನ ಮಲಗಿದ್ರೆ ನಡುವಿನವನಿಗೆ ಹೊದಿಕೆ ಯಾಕೆ?" ಎಂಬುದು ಅವರ ಸಿದ್ಧಾಂತ. ಕೆಳಗಿನವನು ಉರಿಸುತ್ತಾನೆ, ಮೇಲಿನವಳು ಉರಿಸುತ್ತಾಳೆ, ನಡುವಿನವನು ಬುದ್ಧಿವಂತನಾಗಿದ್ದರೆ ಸಾಕು.

ಹಾಗಂತ ಅವರ ಮನೆಯಲ್ಲಿ ಬಾಯ್ಲರ್ ಇರಲಿಲ್ಲವೆಂದಲ್ಲ. ಯೋಗ್ಯತೆಯಿಲ್ಲ ಎಂದು ಯಾರಾದರೂ ಆಡಿಕೊಂಡಾರು ಎಂದು ಎಲ್ಲರಿಗಿಂತ ಒಳ್ಳೆಯದನ್ನೇ ಹಾಕಿಸಿದ್ದರು. ಅಡುಗೆಮನೆಯ ಗೋಡೆಗೆ ಬಿಳಿ ಪೆಟ್ಟಿಗೆ, ಪ್ರತಿ ಕಿಟಕಿಯ ಕೆಳಗೆ ಬಿಸಿನೀರು ಹರಿದು ಕೋಣೆ ಕಾಯಿಸುವ ರೇಡಿಯೇಟರ್. ಗ್ಯಾಸು ಸೋರಿದರೆ ಹೊರಹೋಗಲೆಂದು ಹೊರಗೋಡೆಯಲ್ಲಿ ಅಂಗೈಯಗಲದ ತೂತು ಇರಲೇಬೇಕೆಂದು ತಪಾಸಣೆಯವನು ಪಟ್ಟು ಹಿಡಿದ. ತೂತು ಕೊರೆಸಿದರು. ಅವನು ಸಹಿ ಹಾಕಿ ಇನ್ನೂ ಮೆಟ್ಟಿಲಿಳಿಯುತ್ತಿದ್ದಾಗಲೇ ಅದಕ್ಕೆ ದಿನಪತ್ರಿಕೆ ತುರುಕಿದರು. ಇದರಲ್ಲಿ ಅವರನ್ನೊಬ್ಬರನ್ನೇ ಬೈಯುವುದು ಅನ್ಯಾಯ. ಆ ಊರಿನ ಅಡುಗೆಮನೆಗಳ ತೂತುಗಳಲ್ಲಿ ಇರುವಷ್ಟು ಪತ್ರಿಕೆ ಗ್ರಂಥಾಲಯದಲ್ಲೂ ಇಲ್ಲ.

ಇನ್ನು ಬಾಯ್ಲರನ್ನು ಮೊದಲ ಸಲ ಹೊತ್ತಿಸಲು ಕಂಪನಿಯ ಮೇಸ್ತ್ರಿಯೇ ಬರಬೇಕು, ಗ್ಯಾರಂಟಿ ಶುರುವಾಗುವುದು ಆ ದಿನದಿಂದ. ಬಹಾತ್ತಿನ್ ಬೇ ಅವನನ್ನು ಕರೆಯಲೇ ಇಲ್ಲ. "ಶುರುವಾದ್ರೆ ತಾನೇ ಮುಗಿಯೋದು?" ಎಂದರು. ಹೆಂಡತಿ ಮುನೆವ್ವೆರ್ ಆ ಪೆಟ್ಟಿಗೆಗೆ ಬಿಳಿ ನೂಲಿನಲ್ಲಿ ಕಸೂತಿಯ ಮುಸುಕು ಹೆಣೆದು ಹೊದಿಸಿದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಹಾಗೆ.

ಸಿದ್ಧಾಂತವೇನೋ ಫಲಿಸಿತು. ಕೆಳಗಿನ ಮನೆಯ ಕ್ಷೌರಿಕ ಯಾವುಜ್‌ಗೆ ಎರಡು ಎಳೆಮಕ್ಕಳು, ಅವನ ಮನೆ ಬ್ರೆಡ್ಡಿನ ಒಲೆಯ ಹಾಗೆ ಕಾಯುತ್ತಿತ್ತು. ಮೇಲಿನ ಮನೆಯ ವಿಧವೆ ರೆಮ್ಜಿಯೆ ಹಾನಿಮ್‌ಗೆ ಮಂಡಿನೋವು, ಅವಳೂ ಕೈ ಬಿಗಿ ಹಿಡಿದವಳಲ್ಲ. ನೆಲದಿಂದಷ್ಟು, ಮಾಳಿಗೆಯಿಂದಷ್ಟು ಬಿಸಿ ಸೋರಿ ಬಹಾತ್ತಿನ್ ಬೇ ಅವರ ಥರ್ಮಾಮೀಟರು ಹದಿನೈದು ತೋರಿಸುತ್ತಿತ್ತು. ಬಂದ ಅತಿಥಿಗಳಿಗೆ ಅದನ್ನು ಓದಿ ಹೇಳುತ್ತಿದ್ದರು. ಅತಿಥಿಗಳು ಕೋಟು ಬಿಚ್ಚದೆ ತಲೆದೂಗುತ್ತಿದ್ದರು.

ಮುನೆವ್ವೆರ್ ಎರಡು ಸ್ವೆಟರು, ಅದರ ಮೇಲೊಂದು ತೋಳಿಲ್ಲದ ಉಣ್ಣೆ ಅಂಗಿ ಹಾಕಿಕೊಂಡೇ ಅಡುಗೆ ಮಾಡುತ್ತಿದ್ದಳು. ಪಾತ್ರೆ ತೊಳೆಯಲು ಕೆಟಲಿನಲ್ಲಿ ಕಾಸಿದ ನೀರು, ಅದು ಮುಗಿದರೆ ಹಿಮದಂಥ ನೀರು. ಬೆರಳ ಗೆಣ್ಣುಗಳು ಬಿರಿದಿದ್ದವು.

"ರೀ, ಒಂದ್ಸಲ ಹೊತ್ತಿಸಬಾರದಾ?" ಎಂದು ಪ್ರತಿ ವರ್ಷ ಮೊದಲ ಹಿಮ ಬಿದ್ದಾಗ ಕೇಳುತ್ತಿದ್ದಳು.

"ಅದೇನು ಬೆಂಕಿಕಡ್ಡಿ ಗೀರಿದ ಹಾಗೇನೇ? ಕಂಪನಿಯವರು ಬರಬೇಕು, ಪೈಪೆಲ್ಲ ಪರೀಕ್ಷೆ ಆಗಬೇಕು. ವಾರ ಹಿಡಿಯುತ್ತೆ. ಗೋಡೆ ಒಡೆಯೋದೂ ಬರಬಹುದು. ಧೂಳು ಕುಡೀತೀಯ?"

ಆಕೆ ನಂಬಿದಳು. ಮೂವತ್ತೊಂದು ವರ್ಷ ಕಚೇರಿಯ ಕಾಗದಗಳ ನಡುವೆ ಇದ್ದ ಗಂಡ, ಅವನಿಗೆ ಗೊತ್ತಿರದೆ ಇರುತ್ತದೆಯೇ?

ಬಹಾತ್ತಿನ್ ಬೇ ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಹೀಗೇ ಸಾಯುವತನಕ ನಡೆಯುತ್ತಿತ್ತು. ಆದರೆ ಪುಕ್ಕಟೆ ಬಿಸಿಯ ಸುಖ ಅರ್ಧವೇ, ಉಳಿದರ್ಧ ಅದನ್ನು ಹೇಳಿಕೊಳ್ಳುವುದರಲ್ಲಿದೆ. ನಾಲ್ಕನೆಯ ಚಳಿಗಾಲದಲ್ಲಿ ಒಂದು ದಿನ ಚಹದಂಗಡಿಯಲ್ಲಿ, ಸಕ್ಕರೆಯ ತುಂಡನ್ನು ಹಲ್ಲಿನಲ್ಲಿ ಕಚ್ಚಿ ಚಹ ಹೀರುತ್ತಾ, ಅವರು ಇಡೀ ಸಿದ್ಧಾಂತವನ್ನು ಬಿಡಿಸಿ ಬಿಡಿಸಿ ಹೇಳಿದರು. ಪಕ್ಕದ ಮೇಜಿನಲ್ಲಿ ಕ್ಷೌರಿಕ ಯಾವುಜ್ ಕೂತಿದ್ದ.

"ನಾಲ್ಕು ಚಳಿಗಾಲಾನಾ, ಅಣ್ಣ?"

"ನಾಲ್ಕು!"

"ಒಂದು ದಿನಾನೂ ಹಚ್ಚಿಲ್ಲ?"

"ಮುಟ್ಟೇ ಇಲ್ಲ."

ಯಾವುಜ್ ಚಹ ಅರ್ಧಕ್ಕೇ ಬಿಟ್ಟು ಎದ್ದುಹೋದ. ವಾರದೊಳಗೆ ಥರ್ಮಾಮೀಟರು ಒಂಬತ್ತಕ್ಕೆ ಇಳಿಯಿತು. ಬಹಾತ್ತಿನ್ ಬೇ ಅದನ್ನು ಚಹದ ಕೆಟಲಿನ ಹತ್ತಿರಕ್ಕೆ ಸರಿಸಿ ನೋಡಿದರು. ಕೆಟಲಿಗೆ ಜ್ವರ ಬಂದಿತೇ ಹೊರತು ಮನೆಗೆ ಬರಲಿಲ್ಲ. ಕೊನೆಗೆ ಕೆಳಗಿಳಿದು ಯಾವುಜ್‌ನ ಬಾಗಿಲು ಬಡಿದರು.

"ಏನಯ್ಯಾ ಇದು! ಮಕ್ಕಳಿರೋ ಮನೆ, ಬಾಯ್ಲರ್ ಆರಿಸಿದ್ದೀಯಾ?"

"ಹೆಂಡ್ತಿ ಮಕ್ಕಳು ಅವರಜ್ಜಿ ಮನೇಲಿದಾರೆ ಅಣ್ಣ. ನಾನು ಕಾಯ್ತಾ ಇದೀನಿ."

"ಏನನ್ನ?"

"ನೀವು ಹಚ್ಚೋದನ್ನ."

ಮೇಲಿನ ಮನೆಗೆ ಹತ್ತಿದರೆ ರೆಮ್ಜಿಯೆ ಹಾನಿಮ್ ರಜಾಯಿ ಹೊದ್ದುಕೊಂಡೇ ಬಾಗಿಲು ತೆಗೆದಳು. ಮಲಗುವ ಕೋಣೆ ಒಂದನ್ನು ಬಿಟ್ಟು ಉಳಿದೆಲ್ಲ ರೇಡಿಯೇಟರುಗಳನ್ನು ಅವಳು ತಿರುಗಿಸಿ ಮುಚ್ಚಿದ್ದಳು. "ಬಾ ಮಗಾ. ನನ್ನ ಮಂಡಿಗೆ ಅಂತ ಹಚ್ಚಿದ ಬೆಂಕೀಲಿ ನಾಲ್ಕು ವರ್ಷ ನೀನು ಬೆನ್ನು ಕಾಯಿಸ್ಕೊಂಡ್ಯಂತೆ. ನಂಗೊಂದು ಮಾತು ಹೇಳಿದ್ರೆ ಚಹಾನೂ ಕಳಿಸ್ತಿದ್ದೆನಲ್ಲಾ. ಈಗ ನಿನ್ನ ಸರದಿ," ಎಂದು ಬಾಗಿಲು ಹಾಕಿಕೊಂಡಳು.

ಮೂರು ಮನೆಯವರೂ ಒಬ್ಬರ ಬಿಸಿಗೆ ಇನ್ನೊಬ್ಬರು ಕಾಯುತ್ತಾ ನಡುಗಿದರು. ಎಲ್ಲರೂ ಜಾಣರಾದ ಕಟ್ಟಡದ ಗತಿ ಇಷ್ಟೇ.

ಮಂಗಳವಾರ ಥರ್ಮಾಮೀಟರು ಆರು ತೋರಿಸಿದಾಗ ಮುನೆವ್ವೆರ್ ಕಪಾಟಿನ ಮೇಲಿಂದ ಸೂಟ್‌ಕೇಸು ಇಳಿಸಿದಳು. ಇಜ್ಮಿರಿನಲ್ಲಿ ಅವಳ ತಂಗಿ ಇದ್ದಳು.

"ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ಟಿಕೆಟ್ ತಗೊಂಡಿದೀನಿ. ಅಷ್ಟರೊಳಗೆ ಈ ಮನೆ ಬೆಚ್ಚಗಾದ್ರೆ ಇರ್ತೀನಿ. ಇಲ್ದಿದ್ರೆ ಹೋಗ್ತೀನಿ."

"ಮತ್ತೆ ಯಾವಾಗ ಬರ್ತೀಯ?"

"ಅದನ್ನ ಕೇಳಬೇಡಿ."

ಬಹಾತ್ತಿನ್ ಬೇ ನಿಜಕ್ಕೂ ಹೆದರಿದರು. ಮದುವೆಯಾದಾಗಿನಿಂದ ಅವಳು ತಾನಾಗಿ ಒಂದು ಟಿಕೆಟ್ಟೂ ಕೊಂಡವಳಲ್ಲ. ಆದರೆ ಬಾಯ್ಲರ್ ಹೊತ್ತಿಸಿದರೆ ಚಹದಂಗಡಿಯಲ್ಲಿ ಮುಖ ತೋರಿಸುವುದು ಹೇಗೆ? ಬುಧವಾರವೆಲ್ಲ ಹೆಂಡತಿಯನ್ನೂ ಚಹದಂಗಡಿಯನ್ನೂ ತಕ್ಕಡಿಯಲ್ಲಿಟ್ಟು ತೂಗಿದರು. ಒಂದಿಡೀ ದಿನ ತೂಗಬೇಕಾಯಿತು ಎಂಬುದಕ್ಕೆ ಅವರಿಗೆ ನಾಚಿಕೆಯಾಗಲಿಲ್ಲ. ಗುರುವಾರ ಕಂಪನಿಗೆ ಫೋನು ಮಾಡಿದರು.

ಶುಕ್ರವಾರ ಒಂಬತ್ತಕ್ಕೆ ಮೇಸ್ತ್ರಿ ತುರ್ಗುತ್ ಬಂದ. ಬಾಗಿಲಲ್ಲಿ ಬೂಟು ಕಳಚಿ, ಮುನೆವ್ವೆರ್ ಕೊಟ್ಟ ಚಪ್ಪಲಿ ಮೆಟ್ಟಿಕೊಂಡು, ಅಡುಗೆಮನೆಗೆ ಹೋಗಿ ಕಸೂತಿಯ ಮುಸುಕನ್ನು ಎರಡು ಬೆರಳಲ್ಲಿ ಎತ್ತಿದ.

"ಇದೇನಣ್ಣ, ಬಾಯ್ಲರಾ, ಮದುಮಗಳಾ?"

ಆಮೇಲೆ ಗೋಡೆಯ ತೂತಿನಿಂದ ಪತ್ರಿಕೆ ಎಳೆದು ತೆಗೆದ. ಅದು ಬರುತ್ತಲೇ ಇತ್ತು. "ಇದಕ್ಕೆ ಮತ್ತೆ ಏನಾದ್ರೂ ತುರುಕಿದ್ರೆ ಬಾಯ್ಲರ್ ಅಲ್ಲ, ನೀವು ಆರಿಹೋಗ್ತೀರಿ," ಎಂದ. ಪೈಪುಗಳಿಗೆ ನೀರು ಬಿಟ್ಟ. ಚಿಕ್ಕದೊಂದು ಕೀಲಿ ಹಿಡಿದು ಕೋಣೆಯಿಂದ ಕೋಣೆಗೆ ಹೋಗಿ ಪ್ರತಿ ರೇಡಿಯೇಟರಿನ ಮೂಲೆಯನ್ನು ತಿರುಗಿಸಿದ. ಒಳಗೆ ಸಿಕ್ಕಿದ್ದ ಗಾಳಿ ಉಸ್ಸೆಂದು ಹೊರಬಿತ್ತು. ವಾಪಸು ಬಂದು, ಬಾಯ್ಲರಿನ ಮುಖದ ಮೇಲಿನ ಪ್ಲಾಸ್ಟಿಕ್ ಹಾಳೆ ಕಿತ್ತು, ಒಂದು ಗುಂಡಿ ಒತ್ತಿದ. ಟಿಕ್ ಎಂದಿತು. ಚಿಕ್ಕ ಗಾಜಿನ ಹಿಂದೆ ನೀಲಿ ಉರಿ ಎದ್ದಿತು.

"ಆಯ್ತಮ್ಮ."

ಬಾಗಿಲಲ್ಲಿ ನಿಂತಿದ್ದ ಮುನೆವ್ವೆರ್ ಕೇಳಿದಳು. "ಆಯ್ತು ಅಂದ್ರೆ?"

"ಹೊತ್ತಿತು. ಇನ್ನೊಂದು ಗಂಟೇಲಿ ಮನೆಯೆಲ್ಲ ಬೆಚ್ಚಗಾಗುತ್ತೆ."

"ಗೋಡೆ?"

"ಯಾವ ಗೋಡೆ?"

"ಗೋಡೆ ಒಡೀಬೇಕು, ವಾರ ಹಿಡಿಯುತ್ತೆ ಅಂತ..."

"ಯಾರಮ್ಮ ನಿಮಗೆ ಹೇಳಿದ್ದು?"

ಮುನೆವ್ವೆರ್ ಗಡಿಯಾರ ನೋಡಿದಳು. ಒಂಬತ್ತೂ ಇಪ್ಪತ್ತೈದು. ಬಹಾತ್ತಿನ್ ಬೇ ಅವರಿಗೆ ಇದ್ದಕ್ಕಿದ್ದಂತೆ ತೂತಿನಿಂದ ಬಂದ ಹಳೇ ಪತ್ರಿಕೆಯಲ್ಲಿ ವಿಪರೀತ ಆಸಕ್ತಿ ಹುಟ್ಟಿತು.

ಮೇಸ್ತ್ರಿ ಹೋದ ಮೇಲೆ ಆಕೆ ನಲ್ಲಿ ತಿರುಗಿಸಿ, ಬಿರಿದ ಬೆರಳುಗಳನ್ನು ಬಿಸಿನೀರಿಗೊಡ್ಡಿ ಬಹಳ ಹೊತ್ತು ನಿಂತಳು. ಹನ್ನೊಂದರ ಹೊತ್ತಿಗೆ ಮನೆ ಹದವಾಗಿ ಕಾದಿತ್ತು. ಬಹಾತ್ತಿನ್ ಬೇ ಎದೆಯುಬ್ಬಿಸಿ ಬಂದರು.

"ನೋಡಿದ್ಯಾ! ಶುಕ್ರವಾರದೊಳಗೆ ಅಂದೆ, ಶುಕ್ರವಾರದೊಳಗೇ ಆಯ್ತು. ಆ ಸೂಟ್‌ಕೇಸು ಒಳಗಿಡು."

ಮುನೆವ್ವೆರ್ ಉಣ್ಣೆ ಅಂಗಿ ಬಿಚ್ಚಿದಳು, ಮೇಲಿನ ಸ್ವೆಟರು ಬಿಚ್ಚಿದಳು, ಎರಡನ್ನೂ ಮಡಿಸಿ ಕುರ್ಚಿಯ ಮೇಲಿಟ್ಟಳು. ಆಮೇಲೆ ಕೋಟು ಹಾಕಿಕೊಂಡಳು.

"ಇಪ್ಪತ್ತೈದು ನಿಮಿಷ," ಎಂದಳು. "ಇದೇನೋ ನಿಮ್ಮ ಕೈಲಾಗದ ದೊಡ್ಡ ಕೆಲಸ ಅಂದ್ಕೊಂಡು ನಾಲ್ಕು ಚಳಿಗಾಲ ಸಹಿಸ್ಕೊಂಡೆ."

"ಮನೆ ಬೆಚ್ಚಗಾದ್ರೆ ಇರ್ತೀನಿ ಅಂದಿದ್ದೆ! ಮಾತು ಅಂದ್ರೆ ಮಾತು!"

"ನಾನು ಷರತ್ತು ಹಾಕಿದ್ದು ಚಳಿಗೆ, ಬಹಾತ್ತಿನ್ ಬೇ. ಸುಳ್ಳಿಗಲ್ಲ."

ಸೂಟ್‌ಕೇಸು ತಾನೇ ಎತ್ತಿಕೊಂಡು ಇಳಿದುಹೋದಳು. ಬಹಾತ್ತಿನ್ ಬೇ ಎರಡು ಮೆಟ್ಟಿಲು ಹಿಂದೆ ಹೋದರು, ಮೂರನೆಯದರಲ್ಲಿ ನಿಂತರು.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಈಗ ಅವರ ಮನೆಯಲ್ಲಿ ಇಪ್ಪತ್ತನಾಲ್ಕು ಡಿಗ್ರಿ. ಯಾವುಜ್‌ನ ಮಕ್ಕಳು ವಾಪಸು ಬಂದಿವೆ, ಮೇಲೆ ರೆಮ್ಜಿಯೆ ಹಾನಿಮ್ ಸೆಕೆ ಎಂದು ಕಿಟಕಿ ತೆಗೆಯುತ್ತಾಳೆ. ಅವರಿಬ್ಬರ ಬಾಯ್ಲರ್ ಆರಿಯೇ ಇದೆ. ಇಜ್ಮಿರಿಗೆ ಫೋನು ಮಾಡಿದರೆ ನಾದಿನಿ ಎತ್ತಿ, "ಅಕ್ಕ ಹೊರಗೆ ಹೋಗಿದಾಳೆ, ಭಾವ," ಎನ್ನುತ್ತಾಳೆ. ಯಾವಾಗ ಮಾಡಿದರೂ ಅಕ್ಕ ಹೊರಗೇ ಹೋಗಿರುತ್ತಾಳೆ.

ದಿನಾ ಸಂಜೆ ಬಹಾತ್ತಿನ್ ಬೇ ಇಡೀ ಕಟ್ಟಡಕ್ಕೆ ತಾನೊಬ್ಬನೇ ಯಾಕೆ ಉರಿಸಬೇಕೆಂದು ಸಿಟ್ಟಾಗಿ ಅಡುಗೆಮನೆಗೆ ಹೋಗಿ ಗುಂಡಿಯ ಮೇಲೆ ಬೆರಳಿಡುತ್ತಾರೆ. ಹೇಳದೆ ಕೇಳದೆ ಅವಳು ಇವತ್ತೇ ಬಂದುಬಿಟ್ಟರೆ, ಮನೆ ತಣ್ಣಗಿದ್ದರೆ? ಬೆರಳು ತೆಗೆದು, ಎರಡು ಡಿಗ್ರಿ ಹೆಚ್ಚಿಸಿ, ಮೆಟ್ಟಿಲ ಕಡೆಗೆ ಕಿವಿ ಕೊಟ್ಟು ಕೂರುತ್ತಾರೆ.