‘ನಂಗೆ’ ಅಂದ ಅಕ್ಕ

ಕೋರಾ ಬಟ್ಟೆಗೆ ಒಂದು ವಾಸನೆ ಇರುತ್ತದೆ. ಗಿರಣಿಯಿಂದ ಬಂದದ್ದು ಬಂದ ಹಾಗೇ, ಬಣ್ಣ ಕಾಣದ್ದು, ನೀಲಿ ಹಾಕದ್ದು, ಅಂಟುವಾಳದ ನೊರೆಯಲ್ಲಿ ಒಗೆದು ಒಗೆದು ಹಳದಿಗೆ ತಿರುಗಿದ್ದು. ಮೊನ್ನೆ ಗುತ್ತೂರಿನಿಂದ ಬಂದ ಅಕ್ಕನ ಮಗ ಚೀಲದಿಂದ ಅಂಥದೊಂದು ಸೀರೆ ತೆಗೆದು ನನ್ನ ತೊಡೆಯ ಮೇಲಿಟ್ಟ. ಅಷ್ಟು ವರ್ಷ ಟ್ರಂಕಿನಲ್ಲಿದ್ದ ಬಟ್ಟೆಯಲ್ಲಿ ಇನ್ನೆಂಥ ವಾಸನೆ ಉಳಿದಿರುತ್ತದೆ ಅನ್ನಬೇಡಿ. ನನ್ನ ಮೂಗಿಗೆ ಬಂತು...

“ನಮ್ಮವ್ವ ಹೋಗಿ ತಿಂಗ್ಳಾತು ಚಿಕ್ಕಮ್ಮ. ಇದನ್ನ ನಿಮಗೇ ಮುಟ್ಟಿಸ್ಬೇಕು ಅಂತ ಹೇಳಿದ್ಲು,” ಅಂದ.

ನನಗೆ ಮೊದಲು ಬಂದದ್ದು ಅಳುವಲ್ಲ, ಹೊಟ್ಟೆಕಿಚ್ಚು. ಇದರಲ್ಲೂ ನನಗಿಂತ ಮುಂದೆ ಹೋದಳಲ್ಲ ಅಂತ.

ಅಕ್ಕ ಅಂದರೆ ದೊಡ್ಡಪ್ಪನ ಮಗಳು, ನನಗಿಂತ ಎರಡು ವರ್ಷ ದೊಡ್ಡವಳು. ದಾವಣಗೆರೆಯ ಒಂದು ವಠಾರದಲ್ಲಿ ನಮ್ಮದೂ ಅವರದೂ ಎದುರುಬದುರು ಬಾಗಿಲು. ಅಲ್ಲಿದ್ದವರೆಲ್ಲ ಒಂದೇ ಮಂಡಳಿಯವರು. ಹೊರಗಿನವರು ಅದನ್ನು ಭಜನೆಯ ಗುಂಪು ಅಂದುಕೊಂಡಿದ್ದರು. ಭಜನೆಯೇನೋ ಇತ್ತು, ಆದರೆ ಅದು ಸಂಜೆಯ ಒಂದು ತಾಸು. ಉಳಿದ ತಾಸುಗಳೆಲ್ಲ ‘ದೊಡ್ಡವರ’, ಅಂದರೆ ಮಂಡಳಿಯ ಗುರುಗಳ, ವಶ. ಅವರು ಹರಿಹರದಲ್ಲಿ ಹೊಳೆ ದಂಡೆಯ ಮನೆಯಲ್ಲಿದ್ದರು. ಯಾವ ಹುಡುಗಿಯ ಶಾಲೆ ಯಾವಾಗ ಬಿಡಿಸಬೇಕು, ಯಾವ ನೆಂಟರ ಮನೆಗೆ ಹೋಗಕೂಡದು, ಯಾರು ಯಾರನ್ನು ಮದುವೆಯಾಗಬೇಕು, ಎಲ್ಲಕ್ಕೂ ಅಲ್ಲಿಂದಲೇ ಅಪ್ಪಣೆ ಬರಬೇಕು. ಬಣ್ಣದ ಬಟ್ಟೆ ಇಲ್ಲ, ಹೂವಿಲ್ಲ, ಹೊರಗಿನ ತಿಂಡಿ ಇಲ್ಲ.

ಎಲ್ಲಕ್ಕಿಂತ ದೊಡ್ಡ ಕಟ್ಟಳೆ ನಾಲಗೆಗೆ. ‘ನಾನು’, ‘ನನ್ನ’, ‘ನನಗೆ’ ಅನ್ನಕೂಡದು. ಅದು ಅಹಂಕಾರ. ‘ಈ ಜೀವ’ ಅನ್ನಬೇಕು. ಈ ಜೀವಕ್ಕೆ ಹಸಿವಾಗೈತೆ, ಈ ಜೀವದ ಲಂಗ ಹರಿದೈತೆ, ಹೀಗೆ. ‘ನಮ್ಮ’ ಅನ್ನಬಹುದಿತ್ತು, ನಮ್ಮ ಅಂದರೆ ಮಂಡಳಿ ಅಂತಾಗುತ್ತಿತ್ತು. ಬಾಯಿ ತಪ್ಪಿದವರು ಭಜನೆ ಮುಗಿಯುವವರೆಗೆ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಆ ಗೋಡೆಯ ಬಿರುಕುಗಳೆಲ್ಲ ನನಗೆ ಬಾಯಿಪಾಠ. ಅಕ್ಕ ಮಾತ್ರ ಒಂದು ದಿನವೂ ಅಲ್ಲಿ ನಿಂತವಳಲ್ಲ. ‘ಈ ಜೀವ’ ಅನ್ನುವುದು ಅವಳ ಬಾಯಲ್ಲಿ ಸಕ್ಕರೆ ಕರಗಿದಷ್ಟು ಸಲೀಸು. ಹುಣ್ಣಿಮೆಗೆ ಹರಿಹರಕ್ಕೆ ಹೋದಾಗ ದೊಡ್ಡವರು ಅವಳನ್ನೇ ಮುಂದೆ ಕೂರಿಸಿಕೊಂಡು, “ಈ ಮಗೂನ ನೋಡಿ ಕಲೀರಿ,” ಅನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವಳಿಗೆ ಒಮ್ಮೆಯಾದರೂ ಬಾಯಿ ತಪ್ಪಲಿ ಅಂತ ಕಣ್ಣು ಮುಚ್ಚಿ ಬೇಡಿಕೊಂಡಿದ್ದೇನೆ, ಅದೂ ಭಜನೆಯಲ್ಲಿ ಕೂತು.

ತಪ್ಪಿದ್ದು ಬಜಾರದಲ್ಲಿ. ಹತ್ತಿಬೀಜ ತರಲು ನಮ್ಮಿಬ್ಬರನ್ನೂ ಕಳಿಸಿದ್ದರು. ಮಂಡಕ್ಕಿ ಅಂಗಡಿಯ ಮುಂದೆ ಒಬ್ಬಾಕೆ ಬಾಣಲೆಯಲ್ಲಿ ಮಿರ್ಚಿ ಬಿಡುತ್ತಿದ್ದಳು. ಅಕ್ಕ ನಿಂತುಬಿಟ್ಟಳು. ನಾನು ಕೈ ಜಗ್ಗಿದರೂ ಕದಲಲಿಲ್ಲ.

“ಈ ಜೀವಕ್ಕೆ ಎರಡು ಮಿರ್ಚಿ ಕೊಡ್ರಿ,” ಅಂದಳು.

ಆಕೆ ಜಾಲರಿ ಸೌಟು ಹಿಡಿದುಕೊಂಡೇ ಅತ್ತಿತ್ತ ನೋಡಿದಳು. “ಯಾವ ಜೀವಕ್ಕವ್ವಾ? ನಾಯಿ ಗೀಯಿ ಸಾಕೀರೇನು? ಖಾರ ಹಾಕಬ್ಯಾಡ್ರಿ ಅದಕ್ಕೆ, ಪಾಪ.”

ಅಕ್ಕನ ಮುಖ ಕೆಂಪಾಯಿತು. ಆಮೇಲೆ ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. “ನಂಗೆ ರೀ. ನಂಗೇ ಕೊಡ್ರಿ,” ಅಂದಳು.

ಅಲ್ಲೇ ನಿಂತು ಉಫ್ ಉಫ್ ಅನ್ನುತ್ತಾ ಎರಡನ್ನೂ ತಿಂದಳು. ನನಗೂ ಕೊಡಬಂದಳು, ನಾನು ಮುಟ್ಟಲಿಲ್ಲ. ಮಿರ್ಚಿಯ ಆಸೆ ಇರಲಿಲ್ಲ ಅಂತಲ್ಲ. ಆ ಮಾತು ಅವಳ ಬಾಯಿಂದ ಅಷ್ಟು ಸಲೀಸಾಗಿ ಹೊರಟಿತಲ್ಲ, ಅದನ್ನು ಸಹಿಸಲಾಗಲಿಲ್ಲ. ಅಷ್ಟು ದಿನ ಗೋಡೆ ನೋಡುತ್ತಾ ನಿಂತವಳು ನಾನು, ಮಾತು ಸಿಕ್ಕಿದ್ದು ಅವಳಿಗೆ. ಮನೆ ಮುಟ್ಟುವವರೆಗೆ ಅವಳು ಸಣ್ಣ ದನಿಯಲ್ಲಿ ನಂಗೆ, ನಂಗೆ ಅಂದುಕೊಳ್ಳುತ್ತಲೇ ಇದ್ದಳು...

ಮಾರನೆಯ ವರ್ಷ ದೊಡ್ಡವರು ಅವಳಿಗೆ ಮಂಡಳಿಯ ಹುಡುಗನೊಬ್ಬನನ್ನು ಗೊತ್ತು ಮಾಡಿದರು. ಹರಿಹರದ ಮನೆಯಲ್ಲಿ ಎಲ್ಲರೂ ಕೂತಿದ್ದೆವು. ಹೀಗೆ ಗೊತ್ತು ಮಾಡಿದಾಗ ದೊಡ್ಡವರು, “ಈ ಜೀವಕ್ಕೆ ಒಪ್ಪಿಗೆಯೇ?” ಅಂತ ಕೇಳುವುದು, ಹುಡುಗಿ ತಲೆ ಬಗ್ಗಿಸಿ, “ಈ ಜೀವ ನಿಮ್ಮದು,” ಅನ್ನುವುದು ಪದ್ಧತಿ. ಬೇರೆ ಉತ್ತರ ಇದೆ ಅಂತಲೇ ನಮಗೆ ಗೊತ್ತಿರಲಿಲ್ಲ.

ಅಕ್ಕ ತಲೆ ಎತ್ತಿ, “ನಾ ಒಲ್ಲೆ ರೀ,” ಅಂದಳು.

ಬೈಗುಳವೂ ಇಲ್ಲ, ಗಲಾಟೆಯೂ ಇಲ್ಲ. ಯಾರಿಗೂ ತಮ್ಮ ಕಿವಿಯನ್ನೇ ನಂಬಲಾಗಲಿಲ್ಲ. ಅವಳು ಎದ್ದು ಹೊರಗೆ ಹೋದಳು. ಉಟ್ಟ ಕೋರಾ ಸೀರೆಯಲ್ಲೇ ಗುತ್ತೂರಿಗೆ ನಡೆದು, ಕಾರ್ಖಾನೆ ಕೆಲಸದಲ್ಲಿದ್ದ ಸೋದರಮಾವನ ಮನೆ ಸೇರಿದಳು. ಅವರನ್ನು ಮಂಡಳಿ ಎಂದೋ ದೂರ ಇಟ್ಟಿತ್ತು.

ಬಿಟ್ಟು ಹೋದವರು ಸತ್ತರು ಅಂತ ಲೆಕ್ಕ. ಎಲ್ಲರೂ ತಲೆ ಮೇಲೆ ತಣ್ಣೀರು ಹಾಕಿಕೊಳ್ಳಬೇಕು ಅಂತ ಅಪ್ಪಣೆಯಾಯಿತು. ದೊಡ್ಡಮ್ಮನೂ ಹಾಕಿಕೊಂಡಳು, ಹೆತ್ತ ತಾಯಿ. ನಾನೂ ಹಾಕಿಕೊಂಡೆ. ನೀರು ಕೊರೆಯುತ್ತಿದ್ದರೂ ಒಳಗೆ ಬೆಂಕಿ. ಅಕ್ಕ ಹೋದಳಲ್ಲ ಅಂತಲ್ಲ, ನಾನು ಹೋಗಲಿಲ್ಲವಲ್ಲ ಅಂತ.

ಅವಳು ಒಲ್ಲೆ ಅಂದದ್ದು ನನ್ನ ತಟ್ಟೆಗೆ ಬಂತು. ಅದೇ ಹುಡುಗನನ್ನು ನನಗೆ ಗೊತ್ತು ಮಾಡಿದರು. ಕೇಳಿದಾಗ, “ಈ ಜೀವ ನಿಮ್ಮದು,” ಅಂದೆ. ಅವಳ ಹಾಗೆ ಅನ್ನಲು ಬಾಯಿ ತೆರೆದಿದ್ದು ನಿಜ, ಹೊರಗೆ ಬಂದದ್ದು ಇದು. ನನ್ನ ಗಂಡ ಕೆಟ್ಟ ಮನುಷ್ಯನಲ್ಲ. ಆದರೂ ಊಟಕ್ಕೆ ಬಡಿಸುವಾಗೆಲ್ಲ, ಇದು ಅವಳು ಬಿಟ್ಟದ್ದು ಅನ್ನಿಸುತ್ತಿತ್ತು.

ದೊಡ್ಡಮ್ಮ ಆಮೇಲೆ ಮಗಳ ಹೆಸರು ಎತ್ತಲಿಲ್ಲ. ಮದುವೆಯಾಗಿಯೂ ಅದೇ ವಠಾರದಲ್ಲಿ ಉಳಿದಿದ್ದ ನನ್ನ ಹಿಂದೆ ಬಿದ್ದಳು. ರೊಟ್ಟಿ ಬಡಿದರೆ ಮೊದಲನೆಯದು ನನಗೆ. ನನ್ನ ಸೀರೆಗಳ ಅಂಚನ್ನೆಲ್ಲ ಮಡಿಚಿ, ಸಣ್ಣ ಸಣ್ಣ ಓರೆ ಹೊಲಿಗೆ ಹಾಕಿ ಕೊಡುತ್ತಿದ್ದಳು. ಅದು ನನಗೆ ಬೇಸರ ತರುತ್ತಿತ್ತು, ನನ್ನ ಮೇಲಿನ ಪ್ರೀತಿಯಲ್ಲ ಇದು ಅಂತ ಗೊತ್ತಿತ್ತಲ್ಲ.

ಕೆಲವು ವರ್ಷದ ಮೇಲೆ ಹರಿಹರದ ಸೇತುವೆಯ ಹತ್ತಿರ ನಮ್ಮ ಬಸ್ಸು ನಿಂತಾಗ ಅಕ್ಕನನ್ನು ಕಂಡೆ. ಗಿಣಿಹಸಿರು ಸೀರೆ, ತಲೆ ತುಂಬ ಮಲ್ಲಿಗೆ, ಕೈಯಲ್ಲೊಂದು ಮಗು. ಕಿಟಕಿಗೆ ಓಡಿ ಬಂದಳು.

“ಹೆಂಗದೀಯೇ?”

“ಈ ಜೀವ ಚೆನ್ನಾಗೈತೆ.”

ಅವಳು ನಗಲಿಲ್ಲ. “ನಮ್ಮವ್ವ ಹೆಂಗದಾಳೆ? ನನ್ನ ಮಾತು ಎತ್ತುತಾಳೇನು?” ಅಂದಳು. ಬಸ್ಸು ಹೊರಟಿತು. ಅವಳು ಕೇಳಿದ್ದು ಕಿವಿಗೆ ಬಿದ್ದಿತ್ತು, ಆದರೆ ದಾವಣಗೆರೆ ಬರುವವರೆಗೆ ನನ್ನ ಕಣ್ಣಲ್ಲಿ ಕುಕ್ಕುತ್ತಿದ್ದದ್ದು ಆ ಗಿಣಿಹಸಿರು.

ಮುಂದೆ ದೊಡ್ಡವರು ತೀರಿಕೊಂಡರು. ಹೊಳೆ ದಂಡೆಯ ಮನೆ ಯಾರಿಗೆ ಅಂತ ಜಗಳವಾಗಿ ಮಂಡಳಿ ಒಡೆಯಿತು. ನಾವೂ ಬೇರೆಯವರ ಹಾಗೆ ಬದುಕತೊಡಗಿದೆವು. ಜನ ಇಂದಿಗೂ ಅವಳ ಧೈರ್ಯದ ಮಾತಾಡುತ್ತಾರೆ. ನನ್ನ ಬಗ್ಗೆ ಏನಿದೆ ಹೇಳಲಿಕ್ಕೆ? ಅವಳು ಮಂಡಳಿ ಬಿಟ್ಟಳು. ನನ್ನನ್ನು ಮಂಡಳಿಯೇ ಬಿಟ್ಟಿತು. ಅಷ್ಟು ಹೊತ್ತಿಗೆ ದೊಡ್ಡಮ್ಮ ಮಗಳನ್ನು ನೋಡದೆಯೇ ಹೋಗಿದ್ದಳು. ಕೊನೆಗೆ ಬಾಯಿಗೆ ನೀರು ಬಿಟ್ಟವಳು ನಾನು. ಮಣ್ಣಿಗೂ ಅಕ್ಕನನ್ನು ಕರೆಯಲು ಮಂಡಳಿ ಬಿಡಲಿಲ್ಲ. ಮಂಡಳಿ ಒಡೆದ ಮೇಲೆ ನಾವಿಬ್ಬರೂ ಹೋಗಿ ಬರಬಹುದಿತ್ತು. ಮದುವೆ ಮುಂಜಿಯಲ್ಲಿ ಕಂಡಾಗ ಮಾತಾಡುತ್ತಿದ್ದೆವು, ಅಷ್ಟೇ...

ಮೊನ್ನೆ ಆ ಸೀರೆಯ ಮಡಿಕೆ ಬಿಚ್ಚಿದೆ. ಅಂಚಿನುದ್ದಕ್ಕೂ ದೊಡ್ಡಮ್ಮನ ಓರೆ ಹೊಲಿಗೆ.

“ನಮ್ಮವ್ವ ನಿಮ್ಮ ಮ್ಯಾಲೆ ಬಾಳ ಹೊಟ್ಟೆಕಿಚ್ಚು ಪಡೋಳು ಚಿಕ್ಕಮ್ಮ,” ಅಂದ ಅಕ್ಕನ ಮಗ. “‘ಆಕೀಗೆ ನಮ್ಮವ್ವನ ಕೈ ರೊಟ್ಟಿ ಸಿಕ್ತು, ನನ್ನ ಹತ್ರ ಇರೋದು ಇದೊಂದೇ ಹೊಲಿಗೆ’ ಅನ್ನೋಳು. ‘ನಾ ಹೋದ್ಮ್ಯಾಲೆ ಇದನ್ನೂ ಆಕೀಗೇ ಕೊಟ್ಬಿಡು’ ಅಂದ್ಲು.”

ಅವನು ಚಹಾ ಕುಡಿದು ಹೋದ. ನಾನು ಬಚ್ಚಲಿಗೆ ಹೋಗಿ, ಒಲೆಯ ಮೇಲೆ ಬಿಸಿನೀರಿದ್ದರೂ ಬಿಟ್ಟು, ತಣ್ಣೀರನ್ನೇ ತಲೆ ಮೇಲೆ ಹಾಕಿಕೊಂಡೆ. ಈ ಸಲ ಯಾರ ಅಪ್ಪಣೆಯೂ ಇರಲಿಲ್ಲ. ಸೊಸೆ ಗಾಬರಿಯಾಗಿ ಬಾಗಿಲು ಬಡಿದಳು.

“ಯಾರು ತೀರ್ಕಂಡ್ರು ಅತ್ತೆ?”

“ನಮ್ಮಕ್ಕ,” ಅಂದೆ. ಅದು ಸರಿ ಅನ್ನಿಸಲಿಲ್ಲ. ಇನ್ನೊಂದು ಚೊಂಬು ಹಾಕಿಕೊಂಡು ಮತ್ತೆ ಹೇಳಿದೆ.

“ನನ್ನ ಅಕ್ಕ.”