ದಾರಕ್ಕೆ ಕೂಡದ ಚುಕ್ಕಿ

ಘಟಪ್ರಭಾದಲ್ಲಿ ನಮ್ಮ ಮನೆಯ ಎದುರಿಗೇ ದಾದೇಸಾಬರ ಮನೆ. ಅವರು ಗೌಂಡಿ. ಮೂಡಲಗಿಯಿಂದ ಹತ್ತರಗಿಯವರೆಗೆ ಅವರು ಕಟ್ಟಿದ ಗೋಡೆಗಳಿವೆ. ಅವರ ಮಗಳು ಸಾಹಿರಾ ಗೋಕಾಕದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತ, ಎಂಟು ವರ್ಷಗಳಿಂದ ಪಿಎಚ್‌ಡಿಗೆ ಓದುತ್ತಿದ್ದಳು. ಅವಳ ವಿಷಯ ಮೆಸಾನ್‌ಗಳ ತೂಕ.

ಮೆಸಾನ್ ಎಂದರೆ ಪರಮಾಣುವಿಗಿಂತ ಎಷ್ಟೋ ಸಣ್ಣ ಕಣ. ಹುಟ್ಟಿದ ಕ್ಷಣಕ್ಕೇ ಒಡೆದುಹೋಗುತ್ತದೆ. ನಾನು ಜೋಳ ಹಸನು ಮಾಡುತ್ತ ಕೂತಾಗ ಅವಳು ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದಳು. ಅವಳ ಶಾಸ್ತ್ರದ ಅಳತೆಯಲ್ಲಿ ಒಂದರ ತೂಕ ಏಳುನೂರಾ ಎಪ್ಪತ್ತು, ಅದಕ್ಕಿಂತ ಜೋರಾಗಿ ಸುತ್ತುವುದರದು ಸಾವಿರದ ಮುನ್ನೂರಿಪ್ಪತ್ತು, ಆಮೇಲಿನದು ಸಾವಿರದ ಆರುನೂರಾ ತೊಂಬತ್ತು. ನೋಡಿದರೆ ಏನೂ ಹೊಂದಾಣಿಕೆಯಿಲ್ಲ. ಆದರೆ ಪ್ರತಿ ತೂಕವನ್ನೂ ಅದರಿಂದಲೇ ಗುಣಿಸಿ, ಸುತ್ತುವ ಪ್ರಮಾಣದ ಎದುರು ಚುಕ್ಕಿ ಇಟ್ಟರೆ, ಎಲ್ಲವೂ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ನಿಲ್ಲುತ್ತವೆ.

“ಕಣ್ಣಿಗೆ ಕಾಣದ್ದು, ಒಂದು ಗಳಿಗಿ ಸೈತ ಬದುಕದ್ದು. ಅದಕ್ಕೂ ಒಂದು ಸಾಲು ಐತ್ರಿ, ಸರಿತಕ್ಕಾ” ಎಂದಿದ್ದಳು. ನಾವು ಜೈನರು. ಮರುದಿನ ಬಸದಿಯಲ್ಲಿ ಅಕ್ಷತೆಯನ್ನು ಸಾಲಾಗಿ ಇಡುವಾಗ ನನಗೆ ಆ ಮಾತೇ ನೆನಪಾಯಿತು.

ಅವಳ ಕೋಣೆಯ ಗೋಡೆಯೇ ಅವಳ ಹಲಗೆ. ಸುಣ್ಣದ ಮೇಲೆ ಪೆನ್ಸಿಲಿನ ಚುಕ್ಕಿಗಳು. ದಾದೇಸಾಬರೇ ಎರಡು ಮೊಳೆ ಹೊಡೆದು, ಆ ಗೆರೆಯ ಜಾಗದಲ್ಲಿ ತಮ್ಮ ಗೌಂಡಿಕೆಲಸದ ದಾರವನ್ನು ಓರೆಯಾಗಿ ಬಿಗಿದು ಕೊಟ್ಟಿದ್ದರು. ಬಂದವರಿಗೆಲ್ಲ ಚಹಾಕ್ಕಿಂತ ಮೊದಲು ಅದನ್ನೇ ತೋರಿಸುತ್ತಿದ್ದರು.

“ಏನ ದಾರಾನೋ ಏನೋ, ಒಂದು ಟಾವೆಲ್ ಒಣಗಸಾಕ ಬರೋದಿಲ್ಲ” ಎಂದು ತಾಯಿ ನಸೀಮಾಬಿ ರೇಗಿಸುತ್ತಿದ್ದರು.

“ನಿನ್ನ ಟಾವೆಲ್ಲಿಗೆ ಪಿಎಚ್‌ಡಿ ಕೊಡ್ತಾರೇನ? ಸುಮ್ನಿರ” ಎಂದು ದಾದೇಸಾಬರು ನಗುತ್ತಿದ್ದರು.

ಕಳೆದ ಜೂನ್‌ನಲ್ಲಿ ಕೊನೆಯ ಗಡುವು ಬಂತು. ಬೆಳಗಾವಿಯ ವಿಶ್ವವಿದ್ಯಾಲಯದವರು ಎರಡು ಸಲ ಅವಧಿ ಹೆಚ್ಚಿಸಿದ್ದರು, ಮೂರನೆಯ ಸಲ ಇಲ್ಲ. ಶುಕ್ರವಾರ ಸಂಜೆ ಐದರೊಳಗೆ ಪ್ರಬಂಧ ಕೊಡದಿದ್ದರೆ ಎಂಟು ವರ್ಷದ ನೋಂದಣಿಯೇ ರದ್ದು. ಪದವಿ ಇಲ್ಲದಿದ್ದರೆ ಮುಂದಿನ ವರ್ಷ ಪಾಠಕ್ಕೆ ಕರೆಯುವುದಿಲ್ಲವೆಂದು ಕಾಲೇಜಿನವರೂ ಹೇಳಿಬಿಟ್ಟಿದ್ದರು.

ಮಂಗಳವಾರ ರಟ್ಟು ಹಾಕಿದ ಪ್ರತಿಗಳು ಬಂದವು. ಮಧ್ಯಾಹ್ನ ನಾನು ಹೋದಾಗ ಸಾಹಿರಾ ನೆಲದ ಮೇಲೆ ಕೂತಿದ್ದಳು. ಕೊನೆಗೊಮ್ಮೆ ಅಂಕಿಗಳನ್ನು ತಾಳೆ ನೋಡುವಾಗ ಒಂದು ಮೆಸಾನ್ ಸಿಕ್ಕಿಬಿದ್ದಿತ್ತು. ಅದರ ತೂಕವನ್ನು ಎರಡು ಕಡೆ ಅಳೆದಿದ್ದರು. ಹಳೆಯ ಅಳತೆ ಒರಟು, ಆದರೆ ದಾರದ ಮೇಲೆ ಸರಿಯಾಗಿ ಕೂಡುತ್ತಿತ್ತು. ಹೊಸದು ನಿಖರ, ದಾರದಿಂದ ನಾಲ್ಕು ಬೆರಳು ದೂರ. ಆರು ವರ್ಷದ ಹಿಂದೆ ಅವಳು ಹಳೆಯದನ್ನೇ ಆರಿಸಿ, ಆರಿಸಿದ್ದನ್ನೇ ಮರೆತಿದ್ದಳು. ಪ್ರಬಂಧದ ಇಡೀ ಸೂತ್ರ ನಿಂತದ್ದು ಆ ಒಂದು ಚುಕ್ಕಿಯ ಮೇಲೆ.

ಮಾರ್ಗದರ್ಶಕರು ಫೋನಿನಲ್ಲಿ, “ಮೊದಲ ಕೊಟ್ಟ ಬಿಡವ್ವ. ಯಾರೂ ನೋಡೋದಿಲ್ಲ” ಎಂದರಂತೆ.

ಸಂಜೆ ಕೆಲಸದಿಂದ ಬಂದ ದಾದೇಸಾಬರಿಗೆ ಅವಳು ನನ್ನೆದುರೇ ಎಲ್ಲ ಬಿಡಿಸಿ ಹೇಳಿದಳು. ಅವರು ಗೋಡೆಯನ್ನೇ ನೋಡುತ್ತ ನಿಂತರು.

“ಇದ್ರಾಗ ಏನ ತಪ್ಪ ಐತಿ? ನಾವು ಮೊದಲ ದಾರ ಕಟ್ತೇವಿ. ಕಲ್ಲ ದಾರಕ್ಕ ಬರಲಿಲ್ಲಂದ್ರ ಎರಡ ಪೆಟ್ಟ ಹಾಕಿ ಕೂಡಸ್ತೇವಿ.”

“ಈ ಕಲ್ಲಿಗೆ ಪೆಟ್ಟ ಹಾಕಾಕ ಬರೋದಿಲ್ರಿ, ಅಬ್ಬಾ. ಇದು ಎಲ್ಲಿ ಐತೋ ಅಲ್ಲೇ ಐತಿ. ದಾರಾನ ಅದರ ಕಡೆ ಹೋಗಬೇಕು.”

“ಮತ್ತ ನೀ ಯಾಕ ಪೆಟ್ಟ ಹಾಕಿದಿ?”

“ನಾ ಗೌಂಡಿ ಮಗಳಲ್ಲೇನ್ರಿ?”

ಯಾರೂ ನಗಲಿಲ್ಲ. ನಸೀಮಾಬಿ ಬಾಗಿಲಲ್ಲೇ ಕುಸಿದು ಕೂತರು. “ಕೊಡ ಬೇಟಾ, ಒಂದು ಚುಕ್ಕಿ ಸಲುವಾಗಿ ಬಾಳೇ ಹಾಳ ಮಾಡಕೋತಿ?” ಎಂದು ಅತ್ತರು. ನನ್ನನ್ನೂ ನೋಡಿದರು, ನಾನಾದರೂ ಹೇಳಲಿ ಎಂದು. ನಾನು ಅವರನ್ನು ಎಬ್ಬಿಸಿ ಒಳಗೆ ಕರೆದುಕೊಂಡು ಹೋದೆ. ಎರಡು ದಿನ ಅವಳು ಬೇರೆ ಗೆರೆ ಹುಡುಕಿದಳು. ಯಾವ ಗೆರೆಗೂ ಆ ಚುಕ್ಕಿ ಒಗ್ಗಲಿಲ್ಲ.

ಶುಕ್ರವಾರ ಪ್ರತಿಗಳ ಚೀಲ ಹೊತ್ತು ಬೆಳಗಾವಿಯ ರೈಲು ಹತ್ತಿದಳು. ಕೊಟ್ಟುಬರುತ್ತಾಳೆಂದೇ ಎಲ್ಲರೂ ತಿಳಿದೆವು. ಹೊತ್ತು ಇಳಿಯುವಾಗ ಬೀದಿಯ ತುದಿಯಲ್ಲಿ ಕಂಡಳು. ಚೀಲ ಹೆಗಲಲ್ಲೇ ಇತ್ತು.

“ಕೊಟ್ಟಿ?” ದಾದೇಸಾಬರು ಕೇಳಿದರು.

“ಇಲ್ರಿ. ಒಂದು ಕಾಗದಕ್ಕ ಸಹಿ ಮಾಡ ಅಂದ್ರು. ಇದರಾಗಿನ ಅಂಕಿ ಎಲ್ಲಾ ಖರೆ ಅದಾವು ಅಂತ ಬರದಿತ್ತು. ಪೆನ್ನ ಹಿಡಕೊಂಡ ನಿಂತೆ, ಅಬ್ಬಾ. ಭಾಳ ಹೊತ್ತ ನಿಂತೆ. ಐದ ಬಡೀತು.”

ದಾದೇಸಾಬರು ಬೈಯಲಿಲ್ಲ. ಚೀಲ ಇಸಿದುಕೊಂಡು ಒಳಗೆ ಹೋಗಿ ದಾರ ಬಿಚ್ಚಿದರು. ಗಂಟು ಬಿಗಿದುಹೋಗಿತ್ತು, ಹಲ್ಲು ಹಚ್ಚಬೇಕಾಯಿತು. ಬಿಚ್ಚಿದ ಮೇಲೆ ಸುಮ್ಮನೆ ಕೈಗೆ ಸುತ್ತಿಕೊಳ್ಳುತ್ತಲೇ ಇದ್ದರು. ಸಾಹಿರಾ ಆ ಹಳೆಯ ಚುಕ್ಕಿಯನ್ನು ಒರೆಸಿ, ನಾಲ್ಕು ಬೆರಳು ಆಚೆ ಹೊಸದನ್ನು ಇಟ್ಟಳು. ದಾರವಿಲ್ಲದ ಗೋಡೆಯಲ್ಲಿ ಅದೊಂದು ಬೇರೆಯಾಗಿ ನಿಂತಿತು. ಆಮೇಲೆ ಗೋಡೆಗೆ ಹಣೆ ಹಚ್ಚಿ ನಿಂತಳು. ನಾನು ಹತ್ತಿರ ಹೋಗಿ ಬೆನ್ನ ಮೇಲೆ ಕೈ ಇಟ್ಟೆ.

ಮುಖ ತಿರುಗಿಸದೆಯೇ ಹೇಳಿದಳು:

“ಸರಿತಕ್ಕಾ, ಹೊತ್ತ ಮುಳಗಾಕತ್ತೈತಿ. ಆಮ್ಯಾಲ ನೀವು ಉಣ್ಣೋದಿಲ್ಲ. ಮನಿಗೆ ಹೋಗ್ರಿ.”