ಜಕ್ಕೂರಿನ ಕೆಮ್ಮು

“ಮಕ್ಳು ಬ್ಯಾಡ ಅನ್ನೋರು ಈ ಮನೇಲಿ ಯಾರೂ ಇಲ್ಲ, ಓಗವ್ವ!” ಜಗಲಿಯಲ್ಲಿ ಕೂತಿದ್ದ ಗಂಡನಿಗೆ ಕೇಳುವಂತೆ ಮುನಿಯಮ್ಮ ಗದರಿದರು. ಅರವತ್ತರ ದಶಕ, ಕುಟುಂಬ ಯೋಜನೆಯ ಹೊಸ ನರ್ಸಾಗಿದ್ದ ನಾನು ಅವರ ಬಸುರಿ ಸೊಸೆಗೆ ಬುದ್ಧಿ ಹೇಳಲು ಜಕ್ಕೂರಿಗೆ ಹೋಗಿದ್ದೆ. ಹೆದರಿ ಹೊರಟ ನನ್ನನ್ನು ಹುಲ್ಲಿನ ಬಣವೆಯ ಹಿಂದೆ ಅದೇ ಮುನಿಯಮ್ಮ ತಡೆದರು.

“ನಂಗೇ ಲೂಪ್ ಹಾಕ್ಬಿಡವ್ವ. ಸೊಸೆ ಬಾಣಂತನ ನಾನ್ ಮಾಡ್ಬೇಕು. ನನ್ ಬಾಣಂತನ ಅವ್ಳು ಮಾಡೋ ಅಂಗಾದ್ರೆ ಊರೋರು ನಗಲ್ವಾ?”

ಮರುವಾರವೇ ಆಸ್ಪತ್ರೆಗೆ ಬಂದು, ಬಸಿರು ತಡೆಯುವ ಆ ಲೂಪ್ ಹಾಕಿಸಿಕೊಂಡರು. ಮನೆಯಲ್ಲಿ ಮಾತ್ರ ಕೆಮ್ಮಿನ ಔಷಧಿಗೆ ಹೋಗಿದ್ದೆ ಅಂದರಂತೆ. ಹೆರಿಗೆಯಾಗಿ ಕೆಲವು ತಿಂಗಳಿಗೆ, ಮುಸಿಮುಸಿ ನಗುತ್ತಿದ್ದ ಸೊಸೆಯನ್ನೂ ಕರೆತಂದರು. “ಇವ್ಳಿಗೂ ನಂದೇ ಕೆಮ್ಮು ಕಣವ್ವ!”

ಆಮೇಲೆ ಆ ಊರಿನ ಹೆಂಗಸರು ನನ್ನನ್ನು ಕಂಡರೆ ಸುತ್ತ ನೋಡಿ, ಸಣ್ಣಗೆ ಕೆಮ್ಮುತ್ತಿದ್ದರು. ಬುದ್ಧಿ ಹೇಳುವ ಕೆಲಸ ನನಗೆ ಉಳಿಯಲೇ ಇಲ್ಲ.